ಓದುಗರ ಪ್ರಶ್ನೆ: ಅಂಗಿಯ ಮೇಲೆ ಬರೆದ ಹೆಸರು

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ಒಂಬತ್ತನೆಯ ತರಗತಿಯ ಮಕ್ಕಳಿಂದ ‘ನನ್ನ ಬದುಕನ್ನು ರೂಪಿಸಿದ ಘಟನೆ’ ಎಂಬ ವಿಷಯದ ಮೇಲೆ ಪ್ರಬಂಧ ಬರೆಸಿದೆ. ಪಂಡಿತ ಭೀಮಸೇನ ಜೋಶಿಯವರು ಬಾಲಕರಾಗಿದ್ದಾಗ ಗ್ರಾಮಫೋನ್ ತಟ್ಟೆಯೊಂದನ್ನು ಕೇಳಿ, ಗುರುವನ್ನು ಅರಸಿ ಮನೆ ಬಿಟ್ಟದ್ದನ್ನು ಉದಾಹರಣೆಯಾಗಿ ಹೇಳಿದ್ದೆ. ಏಳೆಂಟು ಮಕ್ಕಳು ಖಾಲಿ ಹಾಳೆ ಒಪ್ಪಿಸಿ, ‘ನಮಗ ಹಂಗೇನೂ ಆಗಿಲ್ರೀ ಟೀಚರ್’ ಎಂದರು. ಅಂಥ ಘಟನೆಯೊಂದು ನಡೆಯದೆ ಬಾಳು ರೂಪುಗೊಳ್ಳುವುದಿಲ್ಲವೇ?

ಉತ್ತರ: ಖಾಲಿ ಹಾಳೆ ಕೊಟ್ಟ ಮಕ್ಕಳಿಗೆ ದಯವಿಟ್ಟು ಅಂಕ ಕಳೆಯಬೇಡಿ, ಉಳಿದವರಲ್ಲಿ ಎಷ್ಟು ಮಂದಿ ಘಟನೆಯನ್ನು ಕಟ್ಟಿ ಬರೆದರೋ ಯಾರು ಬಲ್ಲರು! ತಾವು ಕೊಟ್ಟ ಉದಾಹರಣೆಯನ್ನೇ ತುಸು ನಿಧಾನವಾಗಿ ನೋಡೋಣ.

ಭೀಮಸೇನರು ಆ ತಟ್ಟೆಯಲ್ಲಿ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮ್ರಿಯನ್ನು, ಅಂದರೆ ಭಾವಪ್ರಧಾನವಾದ ಲಘು ಶಾಸ್ತ್ರೀಯ ಹಾಡನ್ನು, ಕೇಳಿ ಮರುಳಾದದ್ದೂ, 1933ರಲ್ಲಿ, ತಮ್ಮ ಹನ್ನೊಂದನೆಯ ವಯಸ್ಸಿನಲ್ಲಿ, ಮನೆ ಬಿಟ್ಟದ್ದೂ ನಿಜ. ಆದರೆ ಅದಕ್ಕೂ ಮೊದಲೇ ಈ ಹುಡುಗ ಹಾಡು-ವಾದ್ಯಗಳ ಮೆರವಣಿಗೆಯ ಬೆನ್ನು ಹತ್ತಿ ಹೋಗಿ, ದಣಿದಲ್ಲೇ ಎಲ್ಲೋ ಮಲಗಿಬಿಡುತ್ತಿದ್ದ. ಹುಡುಕಿ ಹುಡುಕಿ ಬೇಸತ್ತ ತಂದೆ, ಶಾಲಾ ಶಿಕ್ಷಕರಾಗಿದ್ದ ಗುರುರಾಜಾಚಾರ್ಯ ಜೋಶಿಯವರು, ಮಗನ ಅಂಗಿಗಳ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಸಿದರಂತೆ. ಮಲಗಿದ್ದ ಹುಡುಗನನ್ನು ಕಂಡವರು ಅದನ್ನು ಓದಿ ಮನೆಗೆ ತಲುಪಿಸುತ್ತಿದ್ದರು. ಮಗನನ್ನು ಕಟ್ಟಿಹಾಕುವುದನ್ನು ಬಿಟ್ಟು, ಕಳೆದುಹೋದರೆ ಮರಳಿ ಸಿಗಲಿ ಎಂಬ ಏರ್ಪಾಡನ್ನಷ್ಟೇ ಮಾಡಿದ ಆ ತಂದೆಯ ಬಗ್ಗೆ ನನಗೆ ತಟ್ಟೆಯ ಕಥೆಗಿಂತ ಹೆಚ್ಚು ಕುತೂಹಲವಿದೆ.

ಮುಂದೆ ಗ್ವಾಲಿಯರ್, ಕಲ್ಕತ್ತೆ ಎಂದು ಅಲೆದ ಮಗನನ್ನು ದೂರದ ಜಲಂಧರದಲ್ಲಿ ಪತ್ತೆ ಹಚ್ಚಿ ಊರಿಗೆ ಕರೆತಂದವರೂ ಅವರೇ. 1936ರಲ್ಲಿ ಹುಡುಗ ಸವಾಯಿ ಗಂಧರ್ವರ ಶಿಷ್ಯನಾದ. ಸ್ವಾರಸ್ಯವೇನೆಂದರೆ, ಸವಾಯಿ ಗಂಧರ್ವರು ಅದೇ ಕರೀಂ ಖಾನರ ಶಿಷ್ಯರು, ಭೀಮಸೇನರ ಊರಾದ ಗದಗಿಗೆ ಬಹಳ ದೂರವೇನೂ ಅಲ್ಲದ ಕುಂದಗೋಳದವರು. ಪಂಜಾಬಿನವರೆಗೆ ಹೋಗಿ ಹುಡುಕಿದ್ದು ಇಲ್ಲೇ ಮಗ್ಗುಲಲ್ಲಿತ್ತು. ಗುರುವಿನ ಮನೆಯಲ್ಲಿ ನೀರು ಹೊತ್ತು, ಮನೆಗೆಲಸ ಮಾಡಿಕೊಂಡು, ತೋಡಿ, ಮುಲ್ತಾನಿ, ಪೂರಿಯಾ ರಾಗಗಳನ್ನು ತಿದ್ದಿದ ವರ್ಷಗಳನ್ನು ‘ಘಟನೆ’ ಎಂದು ಕರೆಯಲಾಗದು. ಅವುಗಳಲ್ಲಿ ಪ್ರಬಂಧಕ್ಕೆ ಒದಗುವಂಥ ತಿರುವು ಯಾವುದೂ ಇಲ್ಲ.

ಅದೇ ಗುರುವಿನ ಮತ್ತೊಬ್ಬ ಶಿಷ್ಯೆ ಗಂಗೂಬಾಯಿ ಹಾನಗಲ್ಲರ ವಿಷಯವನ್ನು ತಮ್ಮ ಮಕ್ಕಳಿಗೆ ಹೇಳಿ ನೋಡಿ. ಅವರ ಬಾಲ್ಯದಲ್ಲಿ ದೊಡ್ಡ ಘಟನೆಯೊಂದು ಇದ್ದೇ ಇದೆ: 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿಯವರ ಸಮ್ಮುಖದಲ್ಲಿ, ಹನ್ನೊಂದು ವರ್ಷದ ಈ ಹುಡುಗಿ ಹಾಡಿದ್ದಳು. ಆದರೆ ಅಂದು ಅವರನ್ನು ಕಾಡಿದ್ದು ಹಾಡಿನ ಅಳುಕಲ್ಲ. ಜಾತಿಯ ಕಾರಣಕ್ಕೆ ಊಟವಾದ ಮೇಲೆ ಎಂಜಲೆಲೆ ಎತ್ತಲು ಹೇಳಿಯಾರೆಂಬ ಭಯ. ವೇದಿಕೆ ನಮಗೆ ಕಾಣುತ್ತದೆ, ಹುಡುಗಿಗೆ ಕಂಡದ್ದು ಎಲೆ.

ಅವರನ್ನು ಎಲ್ಲಕ್ಕಿಂತ ಹೆಚ್ಚಾಗಿ ರೂಪಿಸಿದ್ದು ಮನೆಯೊಳಗಿನ ಒಂದು ಮೌನವೆಂದು ನಾನು ತಿಳಿಯುತ್ತೇನೆ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಮಗಳು ಹಿಂದೂಸ್ತಾನಿ ಕಲಿಯತೊಡಗಿದಾಗ, ತನ್ನ ಶೈಲಿಯ ಛಾಯೆ ಅವಳ ಕಂಠಕ್ಕೆ ತಾಗಬಾರದೆಂದು ತಾಯಿ ತಾವು ಹಾಡುವುದನ್ನೇ ಬಿಟ್ಟರು. ಮನೆಯಲ್ಲಿ ಒಂದು ದನಿ ನಿಂತುಹೋದದ್ದು ಯಾವ ದಿನವೆಂದು ಮಗು ತಾರೀಖು ಹಾಕಿ ಬರೆದಿಡುವುದುಂಟೇ? ಆಮೇಲಿನದು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನ ಓಡಾಟ, ಗುರು ಒಪ್ಪುವವರೆಗೆ ಒಂದೇ ಪಲುಕಿನ, ಎಂದರೆ ಪುಟ್ಟ ಸ್ವರಗುಚ್ಛದ, ಮತ್ತೆ ಮತ್ತೆ ಅಭ್ಯಾಸ.

ಆದ್ದರಿಂದ ತಮ್ಮ ಪ್ರಶ್ನೆಗೆ ನನ್ನ ಉತ್ತರ, ರೂಪುಗೊಳ್ಳುತ್ತದೆ ಎಂದೇ. ತಟ್ಟೆಯನ್ನು ಆ ಕಾಲದಲ್ಲಿ ಕೇಳಿದ ಹುಡುಗರು ಒಬ್ಬಿಬ್ಬರಲ್ಲ. ಕೇಳಿದವನನ್ನು ಹುಡುಕಿ ತರಲು ಯಾರಿದ್ದರು, ತಂದ ಮೇಲೆ ಎಲ್ಲಿಗೆ ಒಯ್ದರು ಎಂಬಲ್ಲಿ ವ್ಯತ್ಯಾಸವಾಯಿತು.

ಮುಂದಿನ ಸಲ ವಿಷಯವನ್ನು ಬದಲಿಸಿ ನೋಡಬಹುದು: ‘ನನಗಾಗಿ ನಮ್ಮ ಮನೆಯಲ್ಲಿ ಯಾರು ಏನನ್ನು ಬಿಟ್ಟರು?’ ತರಗತಿಯಲ್ಲೇ ಬರೆಸದೆ, ಮನೆಗೆ ಹೋಗಿ ಅವ್ವನನ್ನೋ ಅಜ್ಜನನ್ನೋ ಕೇಳಿ ಬರಲು ಒಂದು ವಾರ ಬಿಡಿ. ಓದುವಾಗ ಗಟ್ಟಿಯಾಗಿ ಓದಿಸಬೇಡಿ. ಕೆಲವು ಮನೆಗಳ ಉತ್ತರ ಶಿಕ್ಷಕಿಯೊಬ್ಬರ ಕಣ್ಣಿಗಷ್ಟೇ ಸಾಕು.