ಐನೂರು ರೂಪಾಯಿ ಕಳಿಸಿದರೂ ಬಿಟ್‌ಕಾಯಿನ್ ಶುಲ್ಕ ಅಷ್ಟೊಂದು ಯಾಕೆ?

ಬಿಟ್‌ಕಾಯಿನ್ ಶುಲ್ಕಕ್ಕೂ ಕಳಿಸುವ ಮೊತ್ತಕ್ಕೂ ಸಂಬಂಧವಿಲ್ಲ. ವಹಿವಾಟು ಬ್ಲಾಕ್‌ನಲ್ಲಿ, ಅಂದರೆ ವಹಿವಾಟುಗಳನ್ನು ದಾಖಲಿಸುವ ಕಂತೆಯಲ್ಲಿ, ಹಿಡಿಯುವ ಜಾಗಕ್ಕೆ ಕಟ್ಟುವ ಬಾಡಿಗೆ ಅದು. ಲೆಕ್ಕ ವರ್ಚುವಲ್ ಬೈಟಿಗೆ (ಆ ಜಾಗದ ಅಳತೆ) ಇಷ್ಟು ಸತೋಶಿ ಎಂದು. 10 ಕೋಟಿ ಸತೋಶಿಗೆ ಒಂದು ಬಿಟ್‌ಕಾಯಿನ್.

ವಾಲೆಟ್‌ನಲ್ಲಿರುವುದು ಒಂದೇ ಗಂಟಲ್ಲ. ಪ್ರತಿ ಸಲ ಬಂದ ಹಣ ಬೇರೆ ಬೇರೆ ತುಂಡಾಗಿಯೇ ಉಳಿದಿರುತ್ತದೆ. ಸಾಮಾನ್ಯ ಸೆಗ್‌ವಿಟ್ ವಿಳಾಸದಲ್ಲಿ (ಕಡಿಮೆ ಜಾಗ ಹಿಡಿಯುವ ಹೊಸ ಬಗೆಯ ವಿಳಾಸ) ಒಂದು ತುಂಡು ಖರ್ಚು ಮಾಡಿ ಚಿಲ್ಲರೆ ವಾಪಸ್ ಪಡೆದರೆ ಸುಮಾರು 141 ವರ್ಚುವಲ್ ಬೈಟ್. ಒಂದೊಂದು ತುಂಡು ಹೆಚ್ಚಿದಾಗಲೂ ಸುಮಾರು 68 ಸೇರುತ್ತದೆ. ಬೈಟಿಗೆ 10 ಸತೋಶಿ ದರವಿದ್ದಾಗ ಒಂದೇ ತುಂಡಿನ ವಹಿವಾಟಿಗೆ 1,410 ಸತೋಶಿ. 12 ತುಂಡು ಕೂಡಿಸಿದರೆ 8,900ರ ಹತ್ತಿರ. ಹಾಗಾಗಿ ಎಕ್ಸ್‌ಚೇಂಜ್‌ನಿಂದ ಪದೇ ಪದೇ ಚೂರುಚೂರು ತೆಗೆಯಬೇಡಿ, ಒಟ್ಟಿಗೆ ತೆಗೆಯಿರಿ.

ತುಂಡುಗಳನ್ನು ಕೂಡಿಸುವುದಕ್ಕೆ ಇನ್ನೊಂದು ಬೆಲೆಯಿದೆ: ಅವೆಲ್ಲ ಒಬ್ಬರವೇ ಎಂದು ನೋಡಿದವರು ಊಹಿಸಬಹುದು. ಎಲ್ಲರೂ ನೋಡಬಹುದಾದ ಲೆಡ್ಜರ್‌ನಲ್ಲಿ (ವಹಿವಾಟುಗಳ ದಾಖಲೆ) ಹೆಸರಿಲ್ಲ, ನಿಜ. ಆದರೆ ಕೆವೈಸಿ ಮಾಡಿದ ಒಂದು ವಿಳಾಸ ಗೊತ್ತಾದರೆ ಉಳಿದವಕ್ಕೂ ದಾರಿ ಸಿಗುತ್ತದೆ. ಯಾವ ತುಂಡು ಖರ್ಚಾಗಬೇಕೆಂದು ನೀವೇ ಆರಿಸುವ ಕಾಯಿನ್ ಕಂಟ್ರೋಲ್ ಇರುವ ವಾಲೆಟ್ ಬಳಸಿ, ಪ್ರತಿ ಸ್ವೀಕೃತಿಗೂ ಹೊಸ ವಿಳಾಸ ಕೊಡಿ.

ಕಡಿಮೆ ಶುಲ್ಕ ಹಾಕಿ ವಹಿವಾಟು ಸಿಕ್ಕಿಕೊಂಡರೆ ಹಣ ಹೋಯಿತೆಂದು ಗಾಬರಿ ಬೇಡ. ವಾಲೆಟ್‌ನಲ್ಲಿ ಆರ್‌ಬಿಎಫ್ (ಹೆಚ್ಚು ಶುಲ್ಕ ಕೊಟ್ಟು ಹಳೆಯ ವಹಿವಾಟನ್ನು ಬದಲಿಸುವ ಸೌಲಭ್ಯ) ಇದ್ದರೆ ಶುಲ್ಕ ಏರಿಸಿ ಅದೇ ವಹಿವಾಟನ್ನು ಮತ್ತೆ ಕಳಿಸಿ. ದಿನನಿತ್ಯದ ಸಣ್ಣ ಪಾವತಿಗೆ ಲೈಟ್ನಿಂಗ್ (ಬಿಟ್‌ಕಾಯಿನ್ ಮೇಲೆ ಕಟ್ಟಿದ ಸಣ್ಣ ಪಾವತಿಗಳ ಜಾಲ) ವಾಸಿ. ಭಾರತದೊಳಗೆ ಚಹಾದ ದುಡ್ಡು ಕೊಡುವುದಕ್ಕಾದರೆ ಯುಪಿಐ ಸಾಕು. ಕ್ರಿಪ್ಟೊ ಖರ್ಚು ಮಾಡಿದರೂ ತೆರಿಗೆ ಲೆಕ್ಕದಲ್ಲಿ ಅದು ಮಾರಿದಂತೆ ವರ್ಗಾವಣೆಯೇ, ಲಾಭಕ್ಕೆ 30% ತೆರಿಗೆ.