ಹನ್ನೆರಡು ಕಾರ್ಯಕ್ರಮ ಬೇಡ, ಇಪ್ಪತ್ತನಾಲ್ಕು ಹೆಸರು ಸಾಕು

ನಿಮ್ಮ ಪ್ರಶ್ನೆ ಹೀಗಿತ್ತು: ಚಿಕ್ಕಬಳ್ಳಾಪುರದಲ್ಲಿ ವಿಜ್ಞಾನ ಓದುವ ಹೆಣ್ಣುಮಕ್ಕಳಿಗೆ ನೆರವಾಗಲು ಒಂಬತ್ತು ಜನ ಸೇರಿ ಸಂಘ ಮಾಡಿಕೊಂಡಿದ್ದೀರಿ, ಹೆಚ್ಚಿನವರು ಶಾಲೆ ಕಾಲೇಜಿನ ಶಿಕ್ಷಕರು. ಕಳೆದ ವರ್ಷ ತಿಂಗಳಿಗೊಂದರಂತೆ ಹನ್ನೆರಡು ಕಾರ್ಯಕ್ರಮ ಬರೆದುಕೊಂಡು ನಾಲ್ಕು ಮಾಡಿದಿರಿ. ಈಗ ಕೈಯಲ್ಲಿ 60 ಸಾವಿರ ರೂಪಾಯಿ ಇದೆ. ಹೊಸ ವರ್ಷಕ್ಕೆ ಏನು ಗುರಿ, ವಿಜ್ಞಾನದಲ್ಲಿ ಮಹಿಳೆಯರು ಮತ್ತು ಬಾಲಕಿಯರ ಅಂತರರಾಷ್ಟ್ರೀಯ ದಿನವಾದ ಫೆಬ್ರವರಿ 11ಕ್ಕೆ ದೊಡ್ಡ ಸಮಾರಂಭ ಬೇಕೇ ಎಂದು ಕೇಳಿದ್ದೀರಿ.

ಮೊದಲನೆಯದಾಗಿ, ಜನವರಿಯಿಂದ ಡಿಸೆಂಬರ್ ಎಂದು ಲೆಕ್ಕ ಹಾಕಬೇಡಿ. ಓದುವ ಮಕ್ಕಳ ವರ್ಷ ಜೂನ್‌ನಲ್ಲಿ ಶುರುವಾಗುತ್ತದೆ. ಜನವರಿಯಿಂದ ಮೇವರೆಗಿನ ಐದು ತಿಂಗಳು ತಯಾರಿಗೆ. ಎರಡನೆಯದು, ‘ಅರಿವು ಮೂಡಿಸುವುದು’, ‘ಪ್ರೋತ್ಸಾಹ ನೀಡುವುದು’ ಇವನ್ನು ಗುರಿ ಎಂದು ಬರೆಯಬೇಡಿ. ಆಯಿತೋ ಇಲ್ಲವೋ ಎಂದು ವರ್ಷದ ಕೊನೆಗೆ ಯಾರೂ ಹೇಳಲಾಗದ ಮಾತುಗಳವು. ಗುರಿ ಹೀಗಿರಲಿ: ‘ಜೂನ್‌ನಲ್ಲಿ ಪಿಯು ವಿಜ್ಞಾನಕ್ಕೆ ಸೇರಿದ ನಮ್ಮ 24 ಹುಡುಗಿಯರಲ್ಲಿ 20 ಜನರಾದರೂ ಮುಂದಿನ ಜನವರಿ 31ರಂದು ಅದೇ ಕಾಂಬಿನೇಷನ್‌ನಲ್ಲಿ ಇರಬೇಕು.’ 24 ಯಾಕೆ ಅಂದರೆ, ಒಬ್ಬರು ಲೆಕ್ಕಪತ್ರ ನೋಡಿಕೊಂಡರೆ ಉಳಿದ ಎಂಟು ಜನಕ್ಕೆ ತಲಾ ಮೂವರು. ಮೂರಕ್ಕಿಂತ ಹೆಚ್ಚು ಕೊಟ್ಟರೆ ಫೋನ್ ಮಾಡುವುದು ಮೊದಲು ನಿಲ್ಲುತ್ತದೆ, ಆಮೇಲೆ ಎಲ್ಲವೂ ನಿಲ್ಲುತ್ತದೆ.

ವಿಜ್ಞಾನದಿಂದ ಹೆಣ್ಣುಮಕ್ಕಳು ಜಾರುವ ಮೆಟ್ಟಿಲು ಹಲವಿವೆ: ಎಸ್ಸೆಸ್ಸೆಲ್ಸಿ ಆದ ಮೇಲೆ, ದ್ವಿತೀಯ ಪಿಯು ಆದ ಮೇಲೆ, ಬಿಎಸ್ಸಿ ಮುಗಿದು ಮದುವೆ ಮಾತು ಬಂದಾಗ, ಮಗು ಹುಟ್ಟಿದಾಗ. ಒಂಬತ್ತು ಜನ ಎಲ್ಲ ಮೆಟ್ಟಿಲಲ್ಲೂ ನಿಲ್ಲಲಾಗದು. ನಿಮ್ಮ ಊರಿಗೆ ನಾನು ಆರಿಸುವುದು ಪಿಯು ಮೊದಲ ನೂರು ದಿನ. ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡದಲ್ಲಿ ಓದಿ ಒಳ್ಳೇ ಅಂಕ ತೆಗೆದ ಹುಡುಗಿ ಪಿಸಿಎಂಬಿಗೆ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಸೇರುತ್ತಾಳೆ, ತರಗತಿ ಪೂರ್ತಿ ಇಂಗ್ಲಿಷಿನಲ್ಲಿ. ಆಗಸ್ಟ್ ಹೊತ್ತಿಗೆ ‘ನನಗೆ ಸೈನ್ಸ್ ಹತ್ತಲ್ಲ’ ಅನ್ನುತ್ತಾಳೆ, ಕಲಾ ವಿಭಾಗಕ್ಕೆ ಬದಲಾಯಿಸಿಕೊಳ್ಳುತ್ತಾಳೆ. ಅವಳಿಗೆ ಹತ್ತದೆ ಇದ್ದದ್ದು ಭಾಷೆ, ಸೈನ್ಸ್ ಅಲ್ಲ.

ಇದರ ಬಗೆ ಹತ್ತಿರದಿಂದ ನೋಡಿ. ಎಂಟು, ಒಂಬತ್ತನೇ ತರಗತಿಯಲ್ಲಿ ಅವಳು ‘ಜವ’ ಬೇರೆ, ‘ವೇಗ’ ಬೇರೆ ಎಂದು ಸರಿಯಾಗಿಯೇ ಕಲಿತಿರುತ್ತಾಳೆ. ಪಿಯುನಲ್ಲಿ ಸ್ಪೀಡ್, ವೆಲಾಸಿಟಿ ಎಂದು ಕೇಳಿದಾಗ ಎರಡೂ ಮನೆಮಾತಿನ ‘ವೇಗ’ವಾಗಿ ಬೆರೆತುಹೋಗುತ್ತವೆ. ‘ಸಂವೇಗ’ ಗೊತ್ತು, ಮೊಮೆಂಟಮ್ ಅಂದರೆ ಅದೇ ಎಂದು ಯಾರೂ ಹೇಳಿಲ್ಲ. ಉತ್ಕರ್ಷಣ ಅಂದರೆ ಆಕ್ಸಿಡೇಷನ್, ಅಪಕರ್ಷಣ ಅಂದರೆ ರಿಡಕ್ಷನ್. ಅಭಿಸರಣೆ ಆಸ್ಮಾಸಿಸ್, ವಿಸರಣೆ ಡಿಫ್ಯೂಷನ್. ವಕ್ರೀಭವನ ರಿಫ್ರಾಕ್ಷನ್, ಪ್ರತಿಫಲನ ರಿಫ್ಲೆಕ್ಷನ್. ಈ ಕೊನೆಯ ಜೋಡಿ ಕಿವಿಗೆ ಒಂದೇ ಥರ ಕೇಳಿಸುವುದರಿಂದ ಅದಲುಬದಲು ಆಗುವುದು ಹೆಚ್ಚು. ಹಳೆಯ ಪಾಠ ತಲೆಯಲ್ಲಿದೆ, ಅದರ ಮೇಲಿನ ಚೀಟಿ ಮಾತ್ರ ಬದಲಾಗಿದೆ.

ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಗಣಿತಕ್ಕೆ ತಲಾ ಐವತ್ತು ಪದದ ಕಾರ್ಡು ಮಾಡಿ. ಒಂದು ಕಡೆ ಕನ್ನಡ ಪದ, ಮತ್ತೊಂದು ಕಡೆ ಇಂಗ್ಲಿಷ್ ಪದ ಮತ್ತು ಅದರ ಉಚ್ಚಾರಣೆ ಕನ್ನಡ ಅಕ್ಷರದಲ್ಲಿ. ಪದಗಳನ್ನು ನಿಘಂಟಿನಿಂದ ತೆಗೆಯಬೇಡಿ, ಪ್ರಥಮ ಪಿಯು ಪುಸ್ತಕದ ಮೊದಲ ನಾಲ್ಕು ಅಧ್ಯಾಯಗಳಿಂದ ತೆಗೆಯಿರಿ. ಕನ್ನಡ ರೂಪ ಹತ್ತನೇ ತರಗತಿಯ ಪಠ್ಯದಲ್ಲಿ ಇರುವಂತೆಯೇ ಇರಲಿ. ನಿಮಗೆ ಚೆಂದ ಕಂಡ ಹೊಸ ಪದ ಹಾಕಿದರೆ ಕೆಲಸ ಕೆಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೆ ಒಂದು ದಿನ, ಒಂದೂವರೆ ಗಂಟೆ. ಮೊದಲ ಇಪ್ಪತ್ತು ನಿಮಿಷ ಕಾರ್ಡು. ಉಳಿದ ಹೊತ್ತು ಆ ವಾರದ ಪಾಠದ ಒಂದೇ ಪುಟವನ್ನು ಅವರೇ ಜೋರಾಗಿ ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಹೇಳಿ, ಮತ್ತೆ ಎರಡು ಸಾಲು ಇಂಗ್ಲಿಷಿನಲ್ಲಿ ಬರೆಯಬೇಕು. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಇದನ್ನು ಟ್ಯೂಷನ್ ಮಾಡಿಬಿಡುವುದು. ಶಿಕ್ಷಕರು ತಾನೇ, ಬೋರ್ಡು ಕಂಡರೆ ಕೈ ಸುಮ್ಮನಿರುವುದಿಲ್ಲ.

ಎಸ್ಸೆಸ್ಸೆಲ್ಸಿ ಎರಡನೇ ಪರೀಕ್ಷೆಯಲ್ಲಿ ಪಾಸಾಗಿ ತಡವಾಗಿ ಸೇರಿದವರಿಗೆ 24ರಲ್ಲಿ ಮೂರು ಸೀಟು ಖಾಲಿ ಇಟ್ಟುಕೊಳ್ಳಿ. ಮೊದಲು ಬಿಟ್ಟುಹೋಗುವವರು ಅವರೇ.

ತರಗತಿಯ ಹೊತ್ತನ್ನು ಬಸ್ಸು ನೋಡಿ ಇಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹುಡುಗಿಯರಿಗೆ ಟಿಕೆಟ್ ದುಡ್ಡಿಲ್ಲ. ಆದರೆ ನಮ್ಮ ಕಡೆ ಎಷ್ಟೋ ಹಳ್ಳಿಗೆ ಹೋಗುವುದು ಖಾಸಗಿ ಬಸ್ಸೇ, ಅದರಲ್ಲಿ ಶಕ್ತಿ ನಡೆಯದು. ಪಟ್ಟಿಯಲ್ಲಿ ಪ್ರತಿ ಹುಡುಗಿಯ ಹೆಸರಿನ ಮುಂದೆ ಅವಳೂರಿಗೆ ಹೋಗುವ ಕೊನೆಯ ಸರ್ಕಾರಿ ಬಸ್ಸಿನ ಹೊತ್ತು ಬರೆದಿಟ್ಟುಕೊಳ್ಳಿ. ಸಂಜೆ ಐದರ ಮೇಲೆ ಹಿಡಿದಿಟ್ಟುಕೊಂಡರೆ ಎರಡನೇ ವಾರಕ್ಕೆ ಮನೆಯವರು ಕಳಿಸುವುದಿಲ್ಲ, ಅವರದ್ದು ತಪ್ಪೂ ಅಲ್ಲ.

ತಾಯಂದಿರ ಸಭೆ ಒಂದು ಬೇಕೇ ಬೇಕು. ಬೆಳಗ್ಗೆ ಸಂಜೆ ಡೈರಿಗೆ ಹಾಲು ಹಾಕುವ ಹೊತ್ತು ಬಿಟ್ಟು, ಹನ್ನೊಂದೂವರೆಯಿಂದ ಒಂದರೊಳಗೆ ಮುಗಿಸಿ. ಶಿಡ್ಲಘಟ್ಟದ ಕಡೆಯಾದರೆ ಮನೆಯಲ್ಲಿ ರೇಷ್ಮೆ ಹುಳ ಯಾವ ಹಂತದಲ್ಲಿದೆ ಎಂದು ಕೇಳಿಯೇ ದಿನ ಗೊತ್ತು ಮಾಡಿ. ನಾಲ್ಕನೇ ಜ್ವರ (ಹುಳ ಪೊರೆ ಬಿಡುವ ಹಂತ) ಎದ್ದ ಮೇಲೆ ಹುಳಕ್ಕೆ ಸೊಪ್ಪು ಹಾಕುವುದರಲ್ಲೇ ದಿನ ಕಳೆಯುತ್ತದೆ, ಯಾರೂ ಬರುವುದಿಲ್ಲ. ಬಾಗೇಪಲ್ಲಿ, ಚೇಳೂರು, ಚಿಂತಾಮಣಿ ಕಡೆಯ ಮನೆಗಳಲ್ಲಿ ತೆಲುಗು ನಡೆಯುತ್ತದೆ. ನಿಮ್ಮಲ್ಲಿ ತೆಲುಗು ಬಲ್ಲವರು ಒಬ್ಬರು ಅಲ್ಲಿರಲಿ. ಸಭೆಯಲ್ಲಿ ಭಾಷಣ ಬೇಡ. ಓದಿಗೆ ಎಷ್ಟು ವರ್ಷ, ಎಷ್ಟು ಖರ್ಚು, ಯಾವ ಸ್ಕಾಲರ್‌ಶಿಪ್, ಹಾಸ್ಟೆಲ್ ಎಲ್ಲಿ, ಈ ನಾಲ್ಕಕ್ಕೆ ಉತ್ತರ ಕೊಟ್ಟರೆ ಸಾಕು.

ಎರಡನೇ ಗುರಿ ಕಾಗದಪತ್ರ. ಮೇ 31ರೊಳಗೆ 21 ಜನರ ಕಡತವೂ ಸರಿ ಇರಬೇಕು, ತಡವಾಗಿ ಬರುವ ಮೂವರದ್ದು ಅವರು ಸೇರಿದ ಕೂಡಲೇ. ಸ್ಕಾಲರ್‌ಶಿಪ್ ತಪ್ಪುವುದು ಅರ್ಹತೆ ಇಲ್ಲದೆ ಅಲ್ಲ, ಹೆಸರು ಹೊಂದದೆ. ಅಂಕಪಟ್ಟಿಯಲ್ಲಿ ‘ಲಕ್ಷ್ಮೀದೇವಿ ಎನ್’, ಆಧಾರ್‌ನಲ್ಲಿ ‘ಲಕ್ಷ್ಮಿದೇವಮ್ಮ’, ಬ್ಯಾಂಕ್ ಪುಸ್ತಕದಲ್ಲಿ ಇನ್ನೊಂದು ಕಾಗುಣಿತ. ಅಂಕಪಟ್ಟಿ ತಿದ್ದಿಸುವುದು ತಿಂಗಳುಗಟ್ಟಲೆ ಕೆಲಸ, ಆಧಾರ್ ತಿದ್ದಿಸುವುದು ಸುಲಭ. ಆದ್ದರಿಂದ ಯಾವಾಗಲೂ ಅಂಕಪಟ್ಟಿಯಲ್ಲಿ ಇದ್ದಂತೆ ಆಧಾರ್ ಮಾಡಿಸಿ, ಆಮೇಲೆ ಬ್ಯಾಂಕು. ಹದಿನೈದು ತುಂಬಿದಾಗ ಆಧಾರ್‌ಗೆ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕು. ಎಸ್ಸೆಸ್ಸೆಲ್ಸಿ ಹುಡುಗಿಯರ ವಯಸ್ಸು ಸರಿಯಾಗಿ ಅದೇ. ಎರಡೂ ಒಂದೇ ಓಡಾಟದಲ್ಲಿ ಮುಗಿಸಬಹುದು.

ಬ್ಯಾಂಕಿನವರು ‘ಆಧಾರ್ ಲಿಂಕ್ ಆಗಿದೆ’ ಅಂದರೆ ನಂಬಿ ಬರಬೇಡಿ. ಖಾತೆಗೆ ಲಿಂಕ್ ಆಗುವುದು ಬೇರೆ, ಸರ್ಕಾರದ ಹಣ ಬೀಳಲು ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಜೋಡಣೆ ಆಗುವುದು ಬೇರೆ. ಹಣ ಹೋಗುವುದು ಕೊನೆಯದಾಗಿ ಜೋಡಿಸಿದ ಖಾತೆಗೆ. ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ತೆರೆದು ಕಣ್ಣಾರೆ ನೋಡಿ. ಅದಕ್ಕೆ ಒಟಿಪಿ ಬೇಕು, ಒಟಿಪಿ ಬರುವ ಫೋನು ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಪ್ಪನ ಜೇಬಿನಲ್ಲಿ ಇರುತ್ತದೆ! ಕಡತ ನೋಡುವ ದಿನ ಅಪ್ಪನಿಗೆ ಮೊದಲೇ ಹೇಳಿಟ್ಟಿರಿ. ಜಾತಿ, ಆದಾಯ ಪತ್ರ ನಾಡಕಚೇರಿಯಲ್ಲಿ ಮಾಡಿಸಿ ಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಪಟ್ಟಿಗೆ ಬರೆದುಕೊಳ್ಳಿ, ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿ ಕೇಳುವುದು ಅದನ್ನೇ.

ಪಿಯು ಮುಗಿಸಿದವರಿಗೆ ಎರಡು ಸ್ಕಾಲರ್‌ಶಿಪ್ ನೆನಪಿರಲಿ. ಕೇಂದ್ರ ಸರ್ಕಾರದ ಇನ್‌ಸ್ಪೈರ್ ಷೀ: ಪಿಯು ಮಂಡಳಿಯ ಮೇಲಿನ ಶೇ 1ರಲ್ಲಿ ಬಂದು ಮೂಲವಿಜ್ಞಾನದಲ್ಲಿ ಬಿಎಸ್ಸಿ ಅಥವಾ ಸಂಯೋಜಿತ ಎಂಎಸ್ಸಿ ಓದುವವರಿಗೆ ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 60,000 ನಗದು, 20,000 ಬೇಸಿಗೆ ಸಂಶೋಧನಾ ಪ್ರಾಜೆಕ್ಟಿಗೆ. ಎಂಜಿನಿಯರಿಂಗ್, ವೈದ್ಯಕೀಯ ಓದುವವರಿಗೆ ಇಲ್ಲ. ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಪ್ರಗತಿ: ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಸೇರಿದ ಹುಡುಗಿಗೆ ವರ್ಷಕ್ಕೆ 50,000, ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗೆ ಇರಬೇಕು, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ.

ಮೂರನೇ ಗುರಿ ಚಿಕ್ಕದು: ದ್ವಿತೀಯ ಪಿಯುನ ಆರು ಹುಡುಗಿಯರಿಂದ ಐಎಟಿ ಎಂಬ ಪ್ರವೇಶ ಪರೀಕ್ಷೆ ಬರೆಸುವುದು. ನೀಟ್, ಸಿಇಟಿ ಬಿಟ್ಟು ಇದೊಂದು ಬಾಗಿಲು ಇದೆ ಎಂದು ಜಿಲ್ಲೆಯಲ್ಲಿ ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ. ಏಳು ಐಸರ್ (ಕೇಂದ್ರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ) ಸಂಸ್ಥೆಗಳ ಐದು ವರ್ಷದ ಬಿಎಸ್-ಎಂಎಸ್‌ಗೆ ಇದೇ ಪರೀಕ್ಷೆ. ಮೂರು ಗಂಟೆ, 60 ಪ್ರಶ್ನೆ, ನಾಲ್ಕು ವಿಷಯಕ್ಕೆ ತಲಾ 15. ಸರಿಯಾದರೆ 4 ಅಂಕ, ತಪ್ಪಾದರೆ 1 ಕಳೆಯುತ್ತಾರೆ. ಪಿಸಿಎಂಬಿ ಓದಿದವರಿಗೆ ಹೇಳಿ ಮಾಡಿಸಿದ ಹಾಗಿದೆ. ಪುಣೆ, ಭೋಪಾಲ್ ಅಂದರೆ ಮನೆಯವರು ಹೌಹಾರುತ್ತಾರೆ, ತಿರುಪತಿ ಐಸರ್ ಅಂದರೆ ಮುಖ ಸಡಿಲವಾಗುತ್ತದೆ. ದರ್ಶನಕ್ಕೆ ಹೋಗಿಬಂದ ಊರು ತಾನೇ.

ಇಲ್ಲಿ ಕೈಕೊಡುವುದು ಜಾತಿ ಪತ್ರ. ರಾಜ್ಯದ 2ಎ, 3ಎ ಪತ್ರ ಕೇಂದ್ರದ ಸಂಸ್ಥೆಗಳಲ್ಲಿ ನಡೆಯದು. ಕೇಂದ್ರದ ನಮೂನೆಯ ಒಬಿಸಿ ಕೆನೆಪದರವಲ್ಲದ ಪತ್ರವೇ ಬೇಕು, ಅದೂ ಆ ವರ್ಷದ ಏಪ್ರಿಲ್ 1ರ ನಂತರದ ತಾರೀಖಿನದು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿ ಇಲ್ಲ, ಅರ್ಜಿ ತುಂಬುವ ಮೊದಲೇ ನೋಡಿಕೊಳ್ಳಿ.

ಮದುವೆ, ಬಾಣಂತನ ಎಂದು ಕೆಲಸ ಬಿಟ್ಟ ವಿಜ್ಞಾನ ಪದವೀಧರೆಯರು ನಿಮ್ಮ ಹತ್ತಿರ ಬಂದರೆ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ವಿಜ್ಞಾನದ ಮಹಿಳೆಯರಿಗೆಂದೇ ನಡೆಸುವ ವೈಸ್-ಕಿರಣ್ ಯೋಜನೆ ತೋರಿಸಿ. ಈ ವರ್ಷಕ್ಕೆ ಅಷ್ಟು ಸಾಕು, ಅದನ್ನೇ ಗುರಿ ಮಾಡಿಕೊಳ್ಳಲು ನಿಮ್ಮಲ್ಲಿ ಕೈ ಸಾಲದು.

ಕೆಲವು ನಿಯಮ ಮೊದಲ ಸಭೆಯಲ್ಲೇ ಬರೆದುಕೊಳ್ಳಿ. ಹುಡುಗಿಯರ ನಂಬರು ಹಾಕಿ ವಾಟ್ಸಾಪ್ ಗುಂಪು ಮಾಡಬೇಡಿ, ಎಲ್ಲರ ನಂಬರೂ ಎಲ್ಲರಿಗೂ ಸಿಗುತ್ತದೆ. ಒಂದು ಸಲ ಬೇಡದವನಿಂದ ಕರೆ ಬಂದರೆ ಮನೆಯಲ್ಲಿ ಫೋನೂ ಹೋಗುತ್ತದೆ, ಓದೂ ಹೋಗುತ್ತದೆ. ಪ್ರಸಾರ ಪಟ್ಟಿ (ಬ್ರಾಡ್‌ಕಾಸ್ಟ್ ಲಿಸ್ಟ್) ಸಾಕು. ಕರೆ ಮಾಡುವುದು ತಾಯಿಯ ನಂಬರಿಗೆ. ಪೋಷಕರ ಸಹಿ ಇಲ್ಲದೆ ಫೋಟೊ ಹಾಕಬೇಡಿ. ಹದಿನೆಂಟು ತುಂಬದವಳಿಗೆ ಮದುವೆ ಗೊತ್ತಾಗಿದೆ ಎಂದು ಕಿವಿಗೆ ಬಿದ್ದರೆ ಪಂಚಾಯಿತಿ ಮಾಡಲು ಹೋಗಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

60 ಸಾವಿರದಲ್ಲಿ ನಾನಾದರೆ 20 ಸಾವಿರ ಅರ್ಜಿ ಶುಲ್ಕ ಮತ್ತು ಪರೀಕ್ಷೆಗೆ ಹೋಗಿಬರುವುದಕ್ಕೆ, 10 ಸಾವಿರ ಕಾರ್ಡು ಮತ್ತು ಜೆರಾಕ್ಸ್‌ಗೆ, 15 ಸಾವಿರ ಹಾಸ್ಟೆಲ್ ಮುಂಗಡದಂಥ ತುರ್ತಿಗೆ, ಉಳಿದದ್ದು ಬಾಡಿಗೆ, ಟೀ, ಸಣ್ಣಪುಟ್ಟದ್ದಕ್ಕೆ ಇಡುತ್ತೇನೆ. ಶಾಮಿಯಾನ, ಶಾಲು, ನೆನಪಿನ ಕಾಣಿಕೆಗೆ ಒಂದು ರೂಪಾಯಿಯೂ ಇಲ್ಲ.

ಫೆಬ್ರವರಿ 11 ವಿಶ್ವಸಂಸ್ಥೆ 2015ರಲ್ಲಿ ಗೊತ್ತುಮಾಡಿದ ದಿನ, ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಆ ಹೊತ್ತಿಗೆ ಎಸ್ಸೆಸ್ಸೆಲ್ಸಿ, ಪಿಯು ಹುಡುಗಿಯರು ಪರೀಕ್ಷೆಯ ಬಿಸಿಯಲ್ಲಿರುತ್ತಾರೆ, ಅವರನ್ನು ಕರೆಯಬೇಡಿ. ಎಂಟು, ಒಂಬತ್ತನೇ ತರಗತಿಯವರ ಜತೆ ಕುಡಿಯುವ ನೀರಿನ ಫ್ಲೋರೈಡ್ ಅಳೆಯಿರಿ. ನಮ್ಮ ಗ್ರಾನೈಟ್ ನೆಲದ ಆಳದ ಬೋರ್‌ವೆಲ್‌ಗಳಲ್ಲಿ ಇದು ಮನೆಮನೆಯ ವಿಷಯ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಜಿರ್ಕೋನಿಯಂ ಸೇರಿದ ಕೆಂಪು ಬಣ್ಣದ ದ್ರಾವಣವನ್ನು ನೀರಿಗೆ ಹಾಕಿದಾಗ ಫ್ಲೋರೈಡ್ ಜಿರ್ಕೋನಿಯಂ ಅನ್ನು ಎಳೆದುಕೊಳ್ಳುತ್ತದೆ, ಕೆಂಪು ಹಳದಿಯತ್ತ ತಿರುಗುತ್ತದೆ. ಎಷ್ಟು ತಿರುಗಿತು ಎಂದು ಬಣ್ಣದ ಪಟ್ಟಿಗೆ ಹೋಲಿಸುವುದು. ಬೋರು ಐದು ನಿಮಿಷ ಓಡಿಸಿ, ಅದೇ ನೀರಿನಲ್ಲಿ ಮೂರು ಸಲ ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಿಡಿಯಿರಿ, ಗಾಜು ಬೇಡ. ಶುದ್ಧ ನೀರಿನ ಘಟಕದ ಒಳಹೋಗುವ ನೀರು, ಹೊರಬರುವ ನೀರು ಎರಡನ್ನೂ ತನ್ನಿ. ಹುಡುಗಿಯರ ಕಣ್ಣು ಅರಳುವುದು ಆ ಎರಡು ನಳಿಕೆಯನ್ನು ಪಕ್ಕಪಕ್ಕ ಹಿಡಿದಾಗ. ಬಣ್ಣ ನೋಡುವುದು ಹಗಲು ಬೆಳಕಿನಲ್ಲಿ, ಟ್ಯೂಬ್‌ಲೈಟಿನಲ್ಲಿ ನೋಡಿದರೆ ಗುಲಾಬಿಗೂ ಕಿತ್ತಳೆಗೂ ವ್ಯತ್ಯಾಸ ತಿಳಿಯದು. ಪಟಿಕ ಹಾಕಿದ ನೀರಿನಲ್ಲಿ ಅಲ್ಯೂಮಿನಿಯಂ ಅಡ್ಡ ಬಂದು ಅಳತೆ ಕಡಿಮೆ ತೋರಿಸುತ್ತದೆ. ನೀರು ಕಾಯಿಸಿದರೆ ಹೋಗುತ್ತದಾ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ: ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಫ್ಲೋರೈಡ್ ಗಟ್ಟಿಯಾಗುತ್ತದೆ.

ಕಿಟ್ ಕೊಳ್ಳುವ ಮೊದಲು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಜಲಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷೆ ಕಲಿಸಬೇಕೆಂದಿದೆ, ಕಿಟ್ ಬೀರುವಿನಲ್ಲಿ ಇರಬಹುದು. ತರಬೇತಿ ಪಡೆದ ಆ ಅಕ್ಕಂದಿರಿಂದಲೇ ಹುಡುಗಿಯರಿಗೆ ಹೇಳಿಸಿ. ದ್ರಾವಣದ ಅವಧಿ ಮುಗಿದಿದೆಯಾ ಎಂದು ಬಾಟಲಿಯ ತಳ ತಿರುಗಿಸಿ ನೋಡಿ, ಹೆಚ್ಚು ಬಂದ ಮಾದರಿಯನ್ನು ಜಿಲ್ಲಾ ಪ್ರಯೋಗಾಲಯದಲ್ಲಿ ಖಚಿತ ಮಾಡಿಸದೆ ನೋಟಿಸ್ ಬೋರ್ಡಿಗೆ ಅಂಟಿಸಬೇಡಿ.