ಟೈಪ್ ಮಾಡುವಾಗ ಕರ್ಸರ್ ಹಾರುತ್ತಿದೆ, ಲಿಬ್‌ಇನ್‌ಪುಟ್ ತೆಗೆದುಹಾಕಲಾ?

ದಯವಿಟ್ಟು ತೆಗೆಯಬೇಡಿ. ಲಿಬ್‌ಇನ್‌ಪುಟ್ ಎಂದರೆ ಲಿನಕ್ಸ್‌ನಲ್ಲಿ ಮೌಸ್, ಟಚ್‌ಪ್ಯಾಡ್, ಕೀಬೋರ್ಡನ್ನು ನೋಡಿಕೊಳ್ಳುವ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಕೋಡ್. ಹೊಸ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡಿರಿ, ಕನ್ನಡ ಟೈಪ್ ಮಾಡುತ್ತಿರುವಾಗಲೇ ಕರ್ಸರ್ ಮೇಲಿನ ಸಾಲಿಗೆ ಹಾರುತ್ತದೆ, ಲಿಬ್‌ಇನ್‌ಪುಟ್ ತೆಗೆದು ಹಳೆಯ ಸಿನಾಪ್ಟಿಕ್ಸ್ ಡ್ರೈವರ್ ಹಾಕಿ ಎಂದು ಯಾರೋ ಹೇಳಿದರು. ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ನನಗೂ ಇದೇ ಕಾಟ ಇತ್ತು. ನುಡಿ ವಿನ್ಯಾಸದಲ್ಲಿ ಎಫ್ ಒತ್ತಿ ಒತ್ತಕ್ಷರ ಕೂಡಿಸಬೇಕು ಎನ್ನುವಷ್ಟರಲ್ಲಿ ಕರ್ಸರ್ ಹಾರುತ್ತಿತ್ತು. ಅರ್ಧ ಅಕ್ಷರ ಇಲ್ಲಿ, ಉಳಿದರ್ಧ ಎಲ್ಲೋ. ಒಂದು ಪುಟ ಮುಗಿಸುವಷ್ಟರಲ್ಲಿ ಅಳು ಬರುತ್ತಿತ್ತು.

ಮೊದಲು ಸಿನಾಪ್ಟಿಕ್ಸ್ ವಿಷಯ ಮುಗಿಸುತ್ತೇನೆ. ಅದು ಎಕ್ಸ್ ಸರ್ವರಿಗೆಂದು, ಅಂದರೆ ಲಿನಕ್ಸ್‌ನಲ್ಲಿ ಪರದೆಯನ್ನು ನಡೆಸುವ ಹಳೆಯ ವ್ಯವಸ್ಥೆಗೆಂದು ಬರೆದ ಟಚ್‌ಪ್ಯಾಡ್ ಡ್ರೈವರ್. ನಿಮ್ಮದು ಎಕ್ಸ್ ಜಾಗಕ್ಕೆ ಬಂದ ಹೊಸ ವ್ಯವಸ್ಥೆ ವೇಲ್ಯಾಂಡ್ ಆಗಿದ್ದರೆ ಆ ಡ್ರೈವರ್ ಕೆಲಸವನ್ನೇ ಮಾಡುವುದಿಲ್ಲ. ಗ್ನೋಮ್, ಕೆಡಿಇ, ಸ್ವೇ ಡೆಸ್ಕ್‌ಟಾಪ್‌ಗಳೆಲ್ಲವೂ ವೇಲ್ಯಾಂಡ್‌ನಲ್ಲಿ ನಡೆಯುವಾಗ ಮೌಸ್, ಟಚ್‌ಪ್ಯಾಡ್, ಕೀಬೋರ್ಡಿಗೆಲ್ಲ ನಂಬಿರುವುದು ಲಿಬ್‌ಇನ್‌ಪುಟ್ಟನ್ನೇ. ತೆಗೆಯಲು ಹೋದರೆ ಡೆಸ್ಕ್‌ಟಾಪೇ ಅದರ ಜೊತೆ ಹೋದೀತು.

ಈ ಲೈಬ್ರರಿ ಮಾಡುವ ಕೆಲಸ ಸುಮ್ನೆ ಅಲ್ಲ. ನೀವು ಟಚ್‌ಪ್ಯಾಡ್ ಮುಟ್ಟಿದಾಗ ಕರ್ನಲ್ (ಲಿನಕ್ಸ್‌ನ ತಿರುಳು) ಕೊಡುವುದು ಬರೀ ಅಂಕಿಗಳು: ಬೆರಳು ಅಡ್ಡಕ್ಕೆ ಇಷ್ಟು, ಉದ್ದಕ್ಕೆ ಇಷ್ಟು, ಒತ್ತಡ ಇಷ್ಟು. ಅದು ಬೆರಳೋ ಅಂಗೈಯೋ, ಜರುಗಿಸಲು ಇಟ್ಟಿದ್ದೋ ತಪ್ಪಿ ತಗುಲಿದ್ದೋ, ಕರ್ನಲ್ಲಿಗೆ ಗೊತ್ತಿಲ್ಲ. ಆ ಅಂಕಿಗಳನ್ನು ಓದಿ ಇದು ಸ್ಕ್ರೋಲ್, ಇದು ಟ್ಯಾಪ್, ಇದು ಅಂಗೈ, ಬಿಟ್ಟುಬಿಡು ಎಂದು ತೀರ್ಮಾನಿಸುವುದು ಲಿಬ್‌ಇನ್‌ಪುಟ್. ಮೊದಲು ಇದು ವೇಲ್ಯಾಂಡ್‌ನ ಮಾದರಿ ಕಂಪೋಸಿಟರ್ (ಕಿಟಕಿಗಳನ್ನು ಪರದೆಯ ಮೇಲೆ ಜೋಡಿಸುವ ಪ್ರೋಗ್ರಾಂ) ವೆಸ್ಟನ್ ಒಳಗೇ ಇತ್ತು. ಪ್ರತಿ ಡೆಸ್ಕ್‌ಟಾಪಿನವರೂ ಇದನ್ನೇ ಮತ್ತೆ ಮತ್ತೆ ಬರೆಯುವುದು ಬೇಡ ಎಂದು ಯೋನಾಸ್ ಓಡಾಲ್ ಇದನ್ನು ಬೇರೆ ಲೈಬ್ರರಿ ಮಾಡಿದರು. ಪೀಟರ್ ಹಟರರ್ ವರ್ಷಗಳಿಂದ ಇದನ್ನು ನೋಡಿಕೊಂಡು ಬಂದಿದ್ದಾರೆ. 1.0 ಆವೃತ್ತಿ ಬಂದದ್ದು 2015ರಲ್ಲಿ. ಎಂಐಟಿ ಲೈಸೆನ್ಸ್, ಯಾರು ಬೇಕಾದರೂ ತೆರೆದು ಓದಬಹುದು.

ಈಗ ನಿಮ್ಮ ತೊಂದರೆ. ಟೈಪ್ ಮಾಡುವಾಗ ಹೆಬ್ಬೆರಳಿನ ಬುಡ ಟಚ್‌ಪ್ಯಾಡಿಗೆ ತಗುಲುವುದು ಸಹಜ, ಅದು ಟ್ಯಾಪ್ ಎಂದು ಲೆಕ್ಕವಾದರೆ ಕರ್ಸರ್ ಹಾರುತ್ತದೆ. ಅದಕ್ಕೆಂದೇ ಲಿಬ್‌ಇನ್‌ಪುಟ್‌ನಲ್ಲಿ ಒಂದು ಏರ್ಪಾಡಿದೆ. ಕೀ ಒತ್ತಿದ ಕೂಡಲೇ ಸ್ವಲ್ಪ ಹೊತ್ತು ಟಚ್‌ಪ್ಯಾಡನ್ನು ಕಿವುಡು ಮಾಡುತ್ತದೆ. ಕಂಟ್ರೋಲ್, ಶಿಫ್ಟ್ ತರದ ಕೀ ಒತ್ತಿದರೆ ಮಾತ್ರ ಹಾಗೆ ಮಾಡುವುದಿಲ್ಲ, ಏಕೆಂದರೆ ಕಂಟ್ರೋಲ್ ಹಿಡಿದು ಕ್ಲಿಕ್ ಮಾಡುವುದು ಎಲ್ಲರಿಗೂ ಬೇಕು. ಇಷ್ಟು ಸಣ್ಣದನ್ನೂ ಯೋಚಿಸಿ ಬರೆದಿದ್ದಾರೆ ಎಂಬುದು ನನಗೆ ತುಂಬಾ ಇಷ್ಟ.

ಆದರೆ ಈ ಏರ್ಪಾಡಿಗೆ ಒಂದು ಜೋಡಿ ಬೇಕು. ಲ್ಯಾಪ್‌ಟಾಪಿನ ಒಳಗಿನ ಕೀಬೋರ್ಡ್, ಒಳಗಿನ ಟಚ್‌ಪ್ಯಾಡ್. ಹೊರಗಿನಿಂದ ಚುಚ್ಚಿದ ಯುಎಸ್‌ಬಿ ಕೀಬೋರ್ಡನ್ನು ಅದು ಬೇಕೆಂದೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆಗ ಅಂಗೈ ಟಚ್‌ಪ್ಯಾಡ್ ಹತ್ತಿರ ಇರುವುದಿಲ್ಲವಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಕೆಟ್ಟಿದ್ದು ಇಲ್ಲೇ. ಅದರ ಒಳಗಿನ ಕೀಬೋರ್ಡೇ ಯುಎಸ್‌ಬಿ ತಂತಿಯ ಮೂಲಕ ಸೇರಿತ್ತು. ಲಿಬ್‌ಇನ್‌ಪುಟ್ ಅದನ್ನು ಹೊರಗಿನದು ಎಂದುಕೊಂಡಿತ್ತು.

ನಿಮ್ಮದೂ ಹಾಗೇನಾ ಎಂದು ನೋಡಲು ಟರ್ಮಿನಲ್ ತೆರೆದು, ಸುಡೋ ಜೊತೆ ಲಿಬ್‌ಇನ್‌ಪುಟ್ ಡಿಬಗ್-ಈವೆಂಟ್ಸ್ ಓಡಿಸಿ, ಕೊನೆಗೆ ವರ್ಬೋಸ್ ಆಯ್ಕೆ ಸೇರಿಸಿ (sudo libinput debug-events --verbose). ಕಮಾಂಡ್ ಸಿಗಲಿಲ್ಲ ಎಂದರೆ ಲಿಬ್‌ಇನ್‌ಪುಟ್ ಟೂಲ್ಸ್ ಪ್ಯಾಕೇಜ್ ಹಾಕಿಕೊಳ್ಳಿ. ಮೊದಲು ಬರುವ ಸಾಲುಗಳಲ್ಲಿ ಪಾಮ್ (palm, ಅಂಗೈ), ಡಿಡಬ್ಲ್ಯುಟಿ (dwt, ಟೈಪ್ ಮಾಡುವಾಗ ಟಚ್‌ಪ್ಯಾಡ್ ಕಿವುಡು ಮಾಡುವ ಏರ್ಪಾಡಿನ ಹೆಸರು) ಎಂಬ ಪದಗಳನ್ನು ಹುಡುಕಿ. ಟಚ್‌ಪ್ಯಾಡಿನ ಹೆಸರು, ಪಕ್ಕದಲ್ಲಿ ಕೀಬೋರ್ಡಿನ ಹೆಸರು ಒಟ್ಟಿಗೆ ಕಾಣಿಸಿದರೆ ಜೋಡಿ ಆಗಿದೆ. ತುಂಬಾ ಲ್ಯಾಪ್‌ಟಾಪ್‌ಗಳಲ್ಲಿ ಕೀಬೋರ್ಡಿನ ಹೆಸರು ಎಟಿ ಟ್ರಾನ್ಸ್‌ಲೇಟೆಡ್ ಸೆಟ್ 2 ಎಂದಿರುತ್ತದೆ. ನನ್ನದರಲ್ಲಿ ಆ ಸಾಲೇ ಇರಲಿಲ್ಲ. ಹೆದರಬೇಡಿ, ನೀವು ಒತ್ತುವ ಅಕ್ಷರಗಳನ್ನು ಈ ಕಮಾಂಡ್ ನೀವಾಗಿ ಕೇಳದ ಹೊರತು ಮರೆಮಾಡಿಯೇ ತೋರಿಸುತ್ತದೆ. ಪಾಸ್‌ವರ್ಡ್ ಬಯಲಾಗಬಾರದು ಎಂಬ ಕಾಳಜಿ ಅದು.

ಜೋಡಿ ಇಲ್ಲದಿದ್ದರೆ ಪರಿಹಾರ ನಾಲ್ಕಾರು ಸಾಲು. ಇಟಿಸಿ ಫೋಲ್ಡರಿನೊಳಗೆ ಲಿಬ್‌ಇನ್‌ಪುಟ್ ಎಂಬ ಫೋಲ್ಡರ್, ಅದರಲ್ಲಿ ಲೋಕಲ್-ಓವರ್‌ರೈಡ್ಸ್ ಡಾಟ್ ಕ್ವರ್ಕ್ಸ್ ಎಂಬ ಫೈಲ್ ಮಾಡಿ (/etc/libinput/local-overrides.quirks). ಚೌಕ ಕಂಸದಲ್ಲಿ ಒಂದು ಹೆಸರು, ಕೆಳಗೆ ಕೀಬೋರ್ಡನ್ನು ಗುರುತಿಸುವ ವೆಂಡರ್ ಮತ್ತು ಪ್ರಾಡಕ್ಟ್ ಸಂಖ್ಯೆ, ಕೊನೆಗೆ ಆಟ್ರ್‌ಕೀಬೋರ್ಡ್‌ಇಂಟಿಗ್ರೇಷನ್ ಎಂಬುದಕ್ಕೆ ಇಂಟರ್ನಲ್ ಎಂಬ ಬೆಲೆ (AttrKeyboardIntegration=internal). ಇದು ಒಳಗಿನ ಕೀಬೋರ್ಡ್ ಎಂದು ಹೇಳಿಕೊಟ್ಟಂತೆ, ಅಷ್ಟೇ. ಮತ್ತೆ ಡಿಬಗ್-ಈವೆಂಟ್ಸ್ ಓಡಿಸಿದರೆ ಜೋಡಿಯ ಸಾಲು ಕಾಣಬೇಕು. ಆಮೇಲೆ ಲಾಗ್ ಔಟ್ ಮಾಡಿ ಒಳಗೆ ಬನ್ನಿ. ಆವತ್ತು ಸಂಜೆ ನಾನು ಎರಡು ಪುಟ ಒಂದೇ ಸಮ ಟೈಪ್ ಮಾಡಿದೆ, ಕರ್ಸರ್ ಕದಲಲಿಲ್ಲ.

ಕೆಲಸ ಮಾಡಿದರೆ ಆ ಸಾಲುಗಳನ್ನು ಫ್ರೀಡೆಸ್ಕ್‌ಟಾಪ್‌ನ ಗಿಟ್‌ಲ್ಯಾಬ್‌ನಲ್ಲಿರುವ (ಕೋಡ್ ಇಡುವ ತಾಣ) ಲಿಬ್‌ಇನ್‌ಪುಟ್ ಯೋಜನೆಗೂ ಕಳಿಸಿ. ಅಲ್ಲಿ ಸೇರಿಸಿಕೊಂಡರೆ ನಿಮ್ಮದೇ ಮಾಡೆಲ್ ಕೊಂಡವರಿಗೆ ಮುಂದಿನ ಆವೃತ್ತಿಯಲ್ಲಿ ತಾನಾಗಿ ಸರಿಹೋಗುತ್ತದೆ. ನನಗಿಂತ ಮೊದಲು ಯಾರೋ ಕಳಿಸಿದ್ದರೆ ನಾನು ಅಷ್ಟು ದಿನ ಒದ್ದಾಡಬೇಕಿರಲಿಲ್ಲ.

ಇನ್ನೊಂದು, ಅಕ್ಷರವೇ ತಪ್ಪು ಬರುತ್ತಿದ್ದರೆ ಅದು ಇದರ ವಿಷಯ ಅಲ್ಲ. ಲಿಬ್‌ಇನ್‌ಪುಟ್ ಕೀಯ ಸಂಖ್ಯೆ ಮಾತ್ರ ದಾಟಿಸುತ್ತದೆ, ಅದು ಕನ್ನಡದ ಯಾವ ಅಕ್ಷರ ಎಂಬುದು ಕೀಬೋರ್ಡ್ ವಿನ್ಯಾಸದ ಕೆಲಸ.

ಜೋಡಿಯ ಸಾಲು ಇದ್ದೂ ಕರ್ಸರ್ ಹಾರುತ್ತಿದ್ದರೆ ಕಾರಣ ಬೇರೆ, ಅಂಗೈ ಎಂದು ಗುರುತಿಸಲು ಬೇಕಾದ ಒತ್ತಡದ ಮಿತಿ ಜಾಸ್ತಿ ಇರಬಹುದು. ಹಾಗಿದ್ದರೆ ಟಚ್‌ಪ್ಯಾಡಿನ ಹೆಸರನ್ನು ಇಲ್ಲೇ ಬರೆಯಿರಿ, ನೋಡೋಣ.